ತತ್ತ್ವಶಾಸ್ತ್ರದ ಪೀಠ, ಮನಶ್ಶಾಸ್ತ್ರದ ಪ್ರಯೋಗಶಾಲೆ

ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ವಾಣಿಜ್ಯ ಇವು ಇಂದು ವಿಶ್ವವಿದ್ಯಾನಿಲಯಗಳಲ್ಲಿ ಮೂರು ಪ್ರತ್ಯೇಕ ವಿಭಾಗಗಳು. ಮೂರನ್ನೂ ಒಟ್ಟಿಗೆ ಅಭ್ಯಾಸಮಾಡಬಯಸುವ ವಿದ್ಯಾರ್ಥಿಯು ಸಂಬಂಧವಿಲ್ಲದ ವಿಷಯಗಳನ್ನು ಆರಿಸಿಕೊಂಡನೆಂಬ ಆಕ್ಷೇಪಣೆಯನ್ನು ಕೇಳಬೇಕಾಗುವುದುಂಟು. ಈ ಆಕ್ಷೇಪಣೆಗೆ ಇತಿಹಾಸದ ಆಧಾರವೆಷ್ಟೆಂಬುದನ್ನು ಇಲ್ಲಿ ಪರಿಶೀಲಿಸಬಹುದು.

ವಿಲ್‌ಹೆಲ್ಮ್ ವುಂಟನು 1875ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯಕ್ಕೆ ಬಂದುದು ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾಗಿ. 1879ರಲ್ಲಿ ಆತನು ಸ್ಥಾಪಿಸಿದ ಪ್ರಯೋಗಶಾಲೆಯಿಂದ ಮನಶ್ಶಾಸ್ತ್ರವು ಪ್ರಯೋಗವಿಜ್ಞಾನವೆನಿಸಿತೆಂದು ಹೇಳುವುದು ವಾಡಿಕೆ. ಕಾಲಕ್ರಮದಲ್ಲಿ ಪ್ರಯೋಗನಿರತರು ತತ್ತ್ವಶಾಸ್ತ್ರದ ಪೀಠಗಳನ್ನು ಆಕ್ರಮಿಸತೊಡಗಿದರೆಂಬ ಕಳವಳ ಹುಟ್ಟಿತು. 1913ರಲ್ಲಿ 107 ಮಂದಿ ತತ್ತ್ವಶಾಸ್ತ್ರದ ಅಧ್ಯಾಪಕರು ಹೇಳಿಕೆಯೊಂದಕ್ಕೆ ಸಹಿಮಾಡಿ, ಮನಶ್ಶಾಸ್ತ್ರಕ್ಕೆ ಬೇರೆಯೇ ಪೀಠಗಳಿರಲೆಂದು ಕೋರಿದರು. ವುಂಟನು ಇದನ್ನು ಸ್ವಾಗತಿಸಿರಬೇಕೆಂದು ನಮಗೆ ತೋರಬಹುದು. ಆದರೆ ಆತನು ಅದೇ ವರ್ಷ ಪ್ರಬಂಧವೊಂದನ್ನು ಪ್ರಕಟಿಸಿ ಈ ಬೇರ್ಪಡೆಯನ್ನು ವಿರೋಧಿಸಿದನು. ತತ್ತ್ವಚಿಂತನೆಯಿಂದ ದೂರವಾದ ಮನಶ್ಶಾಸ್ತ್ರಜ್ಞನು ಕೇವಲ ಕುಶಲಕರ್ಮಿಯಾಗಿ ಉಳಿದಾನೆಂಬುದು ಆತನ ಭೀತಿ.

ಈ ಭೀತಿ ನಿರಾಧಾರವಾಗಿರಲಿಲ್ಲ. ವುಂಟನ ಶಿಷ್ಯನೂ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನೂ ಆದ ಹ್ಯೂಗೋ ಮ್ಯುನ್‌ಸ್ಟರ್‌ಬರ್ಗನು, ಮನಶ್ಶಾಸ್ತ್ರವನ್ನು ಕೈಗಾರಿಕೆಗೂ ವ್ಯಾಪಾರಕ್ಕೂ ಅನ್ವಯಿಸುವ ಗ್ರಂಥವನ್ನು 1913ರಲ್ಲಿಯೇ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಕೆಲಸಗಾರರ ಆಯ್ಕೆ, ದುಡಿಮೆಯ ರೀತಿ, ಜಾಹೀರಾತಿನ ಪರಿಣಾಮ ಇವೆಲ್ಲವೂ ಅದರಲ್ಲಿ ಚರ್ಚಿತವಾಗಿವೆ. ಗುರಿ ಯಾವುದಾಗಿರಬೇಕೆಂಬ ನಿರ್ಣಯ ತನ್ನ ಶಾಸ್ತ್ರದ ಕೆಲಸವಲ್ಲ, ಗೊತ್ತಾದ ಗುರಿಗೆ ಮಾರ್ಗವನ್ನು ತೋರಿಸುವುದಷ್ಟೇ ತನ್ನ ಕೆಲಸವೆಂದು ಆತನು ಅಲ್ಲಿ ಸ್ಪಷ್ಟಪಡಿಸಿರುವನು.

ಭಾರತಕ್ಕೆ ಈ ಶಾಸ್ತ್ರ ಬಂದುದೂ ತತ್ತ್ವಶಾಸ್ತ್ರಜ್ಞರ ಮೂಲಕವೇ. ಕಲ್ಕತ್ತ ವಿಶ್ವವಿದ್ಯಾನಿಲಯಕ್ಕಾಗಿ ಪ್ರಯೋಗಾತ್ಮಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು 1905ರಲ್ಲಿ ಸಿದ್ಧಪಡಿಸಿದವರು ದಾರ್ಶನಿಕರಾದ ಬ್ರಜೇಂದ್ರನಾಥ ಸೀಲರು. 1916ರಲ್ಲಿ ಅಲ್ಲಿ ಆರಂಭವಾದ ವಿಭಾಗದ ಹೊಣೆ ಹಾರ್ವರ್ಡಿನಲ್ಲಿ ಓದಿಬಂದ ನರೇಂದ್ರನಾಥ ಸೇನಗುಪ್ತರದಾಯಿತು. ಮುಂದೆ ಸೀಲರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, 1924ರಲ್ಲಿ, ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಇಲ್ಲಿಯೂ ಮನಶ್ಶಾಸ್ತ್ರದ ವಿಭಾಗ ತಲೆಯೆತ್ತಿತು.

ಈ ಸಂಗತಿಗಳಿಂದ ಎರಡು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, 1913ರ ವಾದಕ್ಕೆ ಸಿದ್ಧಾಂತಭೇದದಷ್ಟೇ ಅಧ್ಯಾಪಕ ಪದವಿಗಳ ಹಂಚಿಕೆಯೂ ಕಾರಣವಾಗಿದ್ದಿತು. ಎರಡನೆಯದಾಗಿ, ಮ್ಯುನ್‌ಸ್ಟರ್‌ಬರ್ಗನು ಹೊರಗಿಟ್ಟ ಗುರಿಯ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು. ಕೆಲಸಗಾರನನ್ನು ಪರೀಕ್ಷಿಸುವುದು ಯಾರ ಹಿತಕ್ಕಾಗಿ, ಕೊಳ್ಳುವವನ ಮನಸ್ಸನ್ನು ಒಲಿಸುವುದು ಎಲ್ಲಿಯವರೆಗೆ ನ್ಯಾಯ, ಇವು ಪ್ರಯೋಗದಿಂದ ಬಗೆಹರಿಯುವ ವಿಷಯಗಳಲ್ಲ. ಆದುದರಿಂದ ಮೂರು ವಿಷಯಗಳನ್ನೂ ಜೊತೆಯಲ್ಲಿ ಓದುವ ವಿದ್ಯಾರ್ಥಿಯು ದಾರಿತಪ್ಪಿದವನಲ್ಲ; ವುಂಟನು ಉಳಿಸಿಕೊಳ್ಳಬಯಸಿದ ಸಂಬಂಧವನ್ನೇ ಆತನು ಅರಸುತ್ತಿರುವನೆಂದು ಹೇಳಬಹುದು.