ಬೀಗ ತೆಗೆದವನೆಲ್ಲ ಕಳ್ಳನೇ?

1851ರ ಜುಲೈ 22. ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಗ್ರೇಟ್ ಜಾರ್ಜ್ ಬೀದಿಯ 34ನೇ ನಂಬರಿನ ಕಟ್ಟಡ. ಅಲ್ಲಿನ ಭದ್ರ ಕೊಠಡಿಯ ಬಾಗಿಲ ಮುಂದೆ ಕೆಲವು ಗಣ್ಯರು ಸಾಕ್ಷಿಗಳಾಗಿ ನಿಂತಿದ್ದರು. ಬಾಗಿಲಿಗಿದ್ದದ್ದು ಇಂಗ್ಲೆಂಡಿನ ಹೆಮ್ಮೆಯ ಚಬ್ ಬೀಗ. ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಅಮೆರಿಕನ್ ಬೀಗತಜ್ಞ ಎರಡು ಮೂರು ಸಣ್ಣ ಸಲಕರಣೆಗಳನ್ನು ತೆಗೆದು ಕೆಲಸಕ್ಕೆ ತೊಡಗಿದ. 25 ನಿಮಿಷಗಳಲ್ಲಿ ಬೀಗ ತೆರೆಯಿತು. ಅಷ್ಟಕ್ಕೇ ಬಿಡದೆ ಮತ್ತೆ ಏಳು ನಿಮಿಷಗಳಲ್ಲಿ ಬೀಗ ಹಾಕಿಯೂ ತೋರಿಸಿದ. ಬೀಗಕ್ಕೆ ಯಾವ ಹಾನಿಯೂ ಆಗಿರಲಿಲ್ಲ.

ಇಂದು ಕಂಪ್ಯೂಟರ್ ಲೋಕದಲ್ಲಿ 'ಎಥಿಕಲ್ ಹ್ಯಾಕಿಂಗ್' ಎಂದು ಕರೆಯಲಾಗುವ ಕಸುಬಿನ ಹಿಂದಿನ ತಲೆಮಾರನ್ನು ಹುಡುಕುತ್ತ ಹೋದರೆ ಸಿಗುವವನು ಈ ಹಾಬ್ಸ್. ಬೇರೆಯವರ ರಕ್ಷಣೆಯಲ್ಲಿನ ಲೋಪವನ್ನು ಕಂಡವನು ಅದನ್ನು ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಎಂಬ ಜಗಳ ಅಂದೇ ಶುರುವಾಯಿತು. ಇಂದಿಗೂ ಮುಗಿದಿಲ್ಲ.

ಚಬ್ ಬೀಗ ಸಾಮಾನ್ಯದ್ದಲ್ಲ. 1817ರಲ್ಲಿ ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಕಳ್ಳತನವಾದ ಮೇಲೆ, ಮರುವರ್ಷ ಜೆರೆಮಯ ಚಬ್ ರೂಪಿಸಿದ ಬೀಗ ಅದು. ಒಳಗಿನ ಪ್ರತಿಯೊಂದು ಲೀವರನ್ನೂ ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ಬೀಗ ತೆರೆಯುತ್ತದೆ. ಯಾವನಾದರೂ ಕಳ್ಳ ಕೈಯಾಡಿಸಿ ಒಂದು ಲೀವರನ್ನು ಹೆಚ್ಚು ಎತ್ತಿದನೋ, ಬೀಗ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಯಜಮಾನ ತನ್ನ ಬೀಗದ ಕೈ ಹಾಕಿದಾಗ ಅದು ತಿರುಗದೆ, ಯಾರೋ ಪ್ರಯತ್ನಿಸಿದ್ದಾರೆಂಬುದು ಗೊತ್ತಾಗುತ್ತದೆ. ಬೀಗದ ಕೆಲಸ ಬಲ್ಲ ಕೈದಿಯೊಬ್ಬನಿಗೆ, ಇದನ್ನು ತೆರೆದರೆ ಕ್ಷಮಾದಾನದ ಜೊತೆಗೆ 100 ಪೌಂಡ್ ಕೊಡುವುದಾಗಿ ಹೇಳಿದರೂ ಅವನು ತಿಂಗಳುಗಟ್ಟಲೆ ತಿಣುಕಿ ಕೈಚೆಲ್ಲಿದನಂತೆ.

ಹಾಬ್ಸ್ ಮಾಡಿದ್ದೇನು? ಬೀಗದ ಕಾವಲುಗಾರನನ್ನೇ ಗೂಢಚಾರನನ್ನಾಗಿ ಮಾಡಿಕೊಂಡ. ಯಾವ ಲೀವರನ್ನು ಎಷ್ಟು ಎತ್ತಿದರೆ ಹೆಚ್ಚಾಯಿತು ಎಂಬುದನ್ನು ಆ ಎಚ್ಚರಿಕೆಯ ಏರ್ಪಾಟೇ ಅವನಿಗೆ ಹೇಳಿಕೊಟ್ಟಿತು. ರಕ್ಷಣೆಗೆಂದು ಸೇರಿಸಿದ ಭಾಗವೇ ದ್ವಾರವಾಗುವ ಈ ವಿಚಿತ್ರ ಕಂಪ್ಯೂಟರ್ ತಂತ್ರಜ್ಞರಿಗೆ ಹೊಸದೇನಲ್ಲ.

ಮುಂದಿನ ಸರದಿ ಬ್ರಾಮಾ ಬೀಗದ್ದು. ಪಿಕಡಿಲಿಯ 124ನೇ ನಂಬರಿನ ಅಂಗಡಿಯ ಕಿಟಕಿಯಲ್ಲಿ ದಶಕಗಳಿಂದ ಒಂದು ಬೀಗ ಕುಳಿತಿತ್ತು. ಅದನ್ನು ತೆರೆಯುವ ಉಪಕರಣ ಮಾಡಿದವನಿಗೆ 200 ಗಿನಿ ಬಹುಮಾನ ಎಂದು ಅದರ ಮೇಲೇ ಬರೆದಿತ್ತು. ತೀರ್ಪುಗಾರರ ಸಮಿತಿ ಹಾಬ್ಸ್‌ಗೆ 30 ದಿನಗಳ ಗಡುವು ಕೊಟ್ಟಿತು. ಬಿಡುವು ಬಿಡುವಾಗಿ ಒಟ್ಟು 51 ಗಂಟೆ ದುಡಿದು ಆಗಸ್ಟ್ ತಿಂಗಳಲ್ಲಿ ಅವನು ಅದನ್ನೂ ತೆರೆದ. ಕಂಪೆನಿ ತಕರಾರು ತೆಗೆಯಿತು. ಮನೆಗೆ ನುಗ್ಗುವ ಕಳ್ಳನಿಗೆ ಇಷ್ಟು ಪುರಸೊತ್ತು ಎಲ್ಲಿರುತ್ತದೆ ಎಂಬುದು ಅದರ ವಾದ. ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಆದರೂ ಸಮಿತಿ ಹಣ ಕೊಡಿಸಿತು.

ಹಾಬ್ಸ್ ಸಾಧುವೇನಲ್ಲ ಎಂಬುದನ್ನೂ ಹೇಳಬೇಕು. ಅವನು ಬಂದದ್ದು ನ್ಯೂಯಾರ್ಕಿನ ಡೇ ಅಂಡ್ ನ್ಯೂಯೆಲ್ ಕಂಪೆನಿಯ ಬೀಗವನ್ನು ಮಹಾಪ್ರದರ್ಶನದಲ್ಲಿ ಮೆರೆಸಲು. ಬೇರೆಯವರ ಬೀಗ ಸೋತರೆ ತನ್ನ ಬೀಗ ಮಾರಾಟವಾಗುತ್ತದೆ. ಮುಂದೆ ಲಂಡನ್ನಿನಲ್ಲೇ ಬೀಗದ ಕಾರ್ಖಾನೆಯನ್ನೂ ತೆರೆದ. ಕೆಲವೇ ವರ್ಷಗಳಲ್ಲಿ ಲೈನಸ್ ಯೇಲ್ ಎಂಬ ಇನ್ನೊಬ್ಬ ಅಮೆರಿಕನ್ ಆ ನ್ಯೂಯೆಲ್ ಬೀಗವನ್ನೂ ತೆರೆದು ತೋರಿಸಿದ್ದು ಬೇರೆ ಮಾತು.

ಇಂಥದನ್ನೆಲ್ಲ ಬಹಿರಂಗ ಮಾಡಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಾಗುವುದಿಲ್ಲವೇ ಎಂದು ಆಗ ಹಲವರು ಸಿಡಿಮಿಡಿಗೊಂಡರು. 1853ರಲ್ಲಿ ಚಾರ್ಲ್ಸ್ ಟಾಮ್ಲಿನ್‌ಸನ್ ಸಂಪಾದಿಸಿದ ಬೀಗಗಳ ಕುರಿತ ಪುಸ್ತಕ ಈ ಆಕ್ಷೇಪಕ್ಕೆ ಉತ್ತರ ಕೊಟ್ಟಿತು. ಅದರ ತಾತ್ಪರ್ಯ ಇಷ್ಟು: ಕಳ್ಳರಿಗೆ ತಮ್ಮ ಕಸುಬು ಚೆನ್ನಾಗಿಯೇ ಗೊತ್ತು, ಗೊತ್ತಿಲ್ಲದಿರುವುದು ಬೀಗ ಕೊಂಡು ನಂಬಿ ಮಲಗುವ ಮನೆಯವರಿಗೆ.

ಕಂಪ್ಯೂಟರ್ ಯುಗದಲ್ಲಿ ವಾದ ಹಾಗೇ ಉಳಿದರೂ ಅಪಾಯದ ಅಳತೆ ಬದಲಾಯಿತು. ಬೀಗ ಎಷ್ಟೇ ದುರ್ಬಲವಿರಲಿ, ಕಳ್ಳ ಮನೆ ಬಾಗಿಲಿಗೆ ಬರಲೇಬೇಕು. ಸಾಫ್ಟ್‌ವೇರಿನ ಒಂದು ದೋಷ ಸಿಕ್ಕರೆ ಕುಳಿತಲ್ಲಿಂದಲೇ ಲಕ್ಷ ಬಾಗಿಲುಗಳನ್ನು ತಟ್ಟಬಹುದು. ಹೀಗಾಗಿ ದೋಷ ತಿಳಿಯುವುದಕ್ಕೂ ಅದಕ್ಕೆ ತೇಪೆ ಬೀಳುವುದಕ್ಕೂ ನಡುವಿನ ದಿನಗಳೇ ನಿರ್ಣಾಯಕ.

2008ರಲ್ಲಿ ಡ್ಯಾನ್ ಕಮಿನ್‌ಸ್ಕಿ ಎಂಬ ಅಮೆರಿಕನ್ ತಜ್ಞನಿಗೆ ಸಿಕ್ಕ ದೋಷ ಇಡೀ ಇಂಟರ್‌ನೆಟ್ಟಿನ ವಿಳಾಸಪಟ್ಟಿಯದು. ಬಳಕೆದಾರ ಬ್ಯಾಂಕಿನ ಹೆಸರು ಟೈಪ್ ಮಾಡಿದರೆ ಅದನ್ನು ಅಂಕಿಗಳ ವಿಳಾಸವಾಗಿ ತಿರುಗಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಗೆ ಸುಳ್ಳು ಉತ್ತರ ತುರುಕಬಹುದಾಗಿತ್ತು. ಗ್ರಾಹಕ ತನ್ನ ಬ್ಯಾಂಕಿಗೆ ಹೋದೆನೆಂದುಕೊಂಡು ವಂಚಕನ ಮನೆ ಹೊಕ್ಕಿರುತ್ತಿದ್ದ. ಕಮಿನ್‌ಸ್ಕಿ ಮೊದಲು ತಯಾರಕರ ಬಳಿ ಹೋದ. ಮಾರ್ಚ್ 31ರಂದು 16 ಮಂದಿ ತಜ್ಞರು ಮೈಕ್ರೋಸಾಫ್ಟ್ ಆವರಣದಲ್ಲಿ ಗುಟ್ಟಾಗಿ ಸೇರಿದರು. ಪೈಪೋಟಿಯ ಕಂಪೆನಿಗಳೆಲ್ಲ ಜುಲೈ 8ರಂದು ಒಟ್ಟಿಗೇ ತೇಪೆ ಬಿಡುಗಡೆ ಮಾಡಿದವು. ವಿವರಗಳನ್ನು ಆಗಸ್ಟಿನವರೆಗೆ ಹೇಳುವುದಿಲ್ಲ ಎಂದಿದ್ದ. ಆದರೆ ಎರಡು ವಾರ ತುಂಬುವ ಮೊದಲೇ ಗುಟ್ಟು ಸೋರಿತು.

ದೋಷವನ್ನು ಬಚ್ಚಿಟ್ಟರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಮೈಕ್ರೋಸಾಫ್ಟಿನ ವಿಂಡೋಸ್‌ನಲ್ಲಿದ್ದ ದೋಷವೊಂದನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಬೇಹುಗಾರಿಕೆಗೆಂದು ಗುಟ್ಟಾಗಿ ಇಟ್ಟುಕೊಂಡಿತ್ತು. ಅದನ್ನು ಬಳಸುವ ಅಸ್ತ್ರ 2017ರ ಏಪ್ರಿಲ್‌ನಲ್ಲಿ ಬಯಲಿಗೆ ಬಿತ್ತು. ಮೇ 12ರಂದು 'ವಾನಾಕ್ರೈ' ಎಂಬ ಸುಲಿಗೆ ತಂತ್ರಾಂಶ ಅದೇ ದಾರಿಯಲ್ಲಿ ನುಗ್ಗಿ ಸುಮಾರು 150 ದೇಶಗಳ ಕಂಪ್ಯೂಟರುಗಳನ್ನು ಬೀಗ ಹಾಕಿ ಕೂರಿಸಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆಗಳು ರದ್ದಾದವು. ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು ನಿಜ. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಬ್ರಾಮಾ ಬೀಗದ ಬಹುಮಾನದ ಉಪಾಯವನ್ನು ಕಂಪ್ಯೂಟರ್ ಕಂಪೆನಿಗಳು ಮತ್ತೆ ಕಂಡುಕೊಳ್ಳಲು ಕಾಲ ಹಿಡಿಯಿತು. 1995ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿನ ದೋಷ ತೋರಿಸಿದವರಿಗೆ ಬಹುಮಾನ ಸಾರಿತು. ಮೈಕ್ರೋಸಾಫ್ಟ್ ಆ ದಾರಿಗೆ ಬಂದದ್ದು 2013ರಲ್ಲಿ. ಈ ಕಥೆಗೆ ಬೆಂಗಳೂರೂ ಸೇರುತ್ತದೆ. 2016ರಲ್ಲಿ ಇಲ್ಲಿ ಕೆಲಸದಲ್ಲಿದ್ದ ಆನಂದ್ ಪ್ರಕಾಶ್ ಎಂಬ ಯುವಕ ಫೇಸ್‌ಬುಕ್‌ನಲ್ಲಿ ಒಂದು ಲೋಪ ಕಂಡ. ಪಾಸ್‌ವರ್ಡ್ ಮರೆತವರಿಗೆ ಕಂಪೆನಿ ಆರು ಅಂಕಿಗಳ ಗುಟ್ಟು ಸಂಖ್ಯೆ ಕಳಿಸುತ್ತದೆ. ಮುಖ್ಯ ತಾಣದಲ್ಲಿ ಹತ್ತು ಹನ್ನೆರಡು ಸಲ ತಪ್ಪಿದರೆ ಬಾಗಿಲು ಮುಚ್ಚುತ್ತಿತ್ತು. ಪರೀಕ್ಷೆಗೆಂದು ತೆರೆದಿದ್ದ ಪಕ್ಕದ ತಾಣದಲ್ಲಿ ಆ ಮಿತಿಯೇ ಇರಲಿಲ್ಲ. ಹತ್ತು ಲಕ್ಷ ಸಂಖ್ಯೆಗಳನ್ನೂ ಒಂದೊಂದಾಗಿ ಯಂತ್ರದಿಂದ ಹಾಕಿ ನೋಡಿದರೆ ಯಾರ ಖಾತೆಯನ್ನಾದರೂ ತೆರೆಯಬಹುದಿತ್ತು. ತನ್ನ ಖಾತೆಯ ಮೇಲೆಯೇ ಪ್ರಯೋಗಿಸಿ ಅವನು ವರದಿ ಕಳಿಸಿದ. ಫೇಸ್‌ಬುಕ್ 15,000 ಡಾಲರ್ ಕೊಟ್ಟಿತು.

ಅಲ್ಲಿ ಬಹುಮಾನದ ಫಲಕ ಮೊದಲೇ ತೂಗಾಡುತ್ತಿತ್ತು. ಫಲಕವಿಲ್ಲದ ಕಡೆ? ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ಪ್ರಕಾರ ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸಿದವನು ಪರಿಹಾರ ತೆರಬೇಕು. ವಂಚನೆಯ ಉದ್ದೇಶ ಸಾಬೀತಾದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ಸದುದ್ದೇಶದಿಂದ ಪರೀಕ್ಷಿಸಿದವನಿಗೆ 43ರಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲ. ಇಂಥವರ ಮೇಲೆ ಮೊಕದ್ದಮೆ ಹೂಡಬಾರದೆಂದು ಅಮೆರಿಕದ ನ್ಯಾಯ ಇಲಾಖೆ ತನ್ನ ವಕೀಲರಿಗೆ ಹೇಳಿದ್ದು 2022ರಲ್ಲಿ. ನಮ್ಮಲ್ಲಿ ದೋಷಗಳ ವರದಿ ಪಡೆಯಲು 2004ರಿಂದ ಸರ್ಟ್-ಇನ್ ಸಂಸ್ಥೆ ಇದೆ. ಆದರೆ ವರದಿ ಪಡೆಯುವುದು ಬೇರೆ, ವರದಿ ಮಾಡಿದವನನ್ನು ಕಾಯುವುದು ಬೇರೆ.

ಹಾಬ್ಸ್ ಎರಡೂ ಬೀಗಗಳನ್ನು ಮುಟ್ಟಿದ್ದು ಒಪ್ಪಿಗೆ ಪಡೆದೇ. ಆದರೆ ಕಾಲೇಜಿನ ಫಲಿತಾಂಶ ನೋಡುವಾಗ ರಿಜಿಸ್ಟರ್ ನಂಬರಿನ ಒಂದು ಅಂಕಿ ತಪ್ಪಿ ಒತ್ತಿ, ಮತ್ತೊಬ್ಬಳ ಅಂಕಪಟ್ಟಿ, ಮನೆ ವಿಳಾಸ, ಫೋನ್ ನಂಬರ್ ಕಂಡ ವಿದ್ಯಾರ್ಥಿ ಯಾರ ಒಪ್ಪಿಗೆ ಕೇಳಿರುತ್ತಾನೆ? ಅದನ್ನು ತಿಳಿಸಲು ಕಚೇರಿಗೆ ಹೋದರೆ, ದೋಷ ಎಲ್ಲಿದೆ ಎಂದು ಕೇಳುವ ಮೊದಲು ಅವರು ಕೇಳುವುದು ನೀನು ನೋಡಿದ್ದು ಹೇಗೆ ಎಂದು.