ಬದ್ಧ ನೆರವು: ವಿದೇಶಿ ಅಭಿವೃದ್ಧಿ ನೆರವಿನಲ್ಲಿ ವಾಣಿಜ್ಯ ಹಿತಾಸಕ್ತಿಗಳು

ವಿದೇಶಿ ನೆರವಿನ ಯೋಜನೆಗಳಿಗೆ ಯಂತ್ರೋಪಕರಣಗಳು ಅನೇಕ ವೇಳೆ ನೆರವು ನೀಡಿದ ರಾಷ್ಟ್ರದಿಂದಲೇ ಏಕೆ ಬರುತ್ತವೆ ಎಂಬುದು ಸಾರ್ವಜನಿಕರಲ್ಲಿ ಸಹಜವಾಗಿ ಏಳುವ ಪ್ರಶ್ನೆಯಾಗಿರುತ್ತದೆ. ನೆರವಿನ ಹಣವನ್ನು ದಾನಿ ರಾಷ್ಟ್ರದ ಸರಕು ಅಥವಾ ಸೇವೆಗಳ ಖರೀದಿಗೇ ವಿನಿಯೋಗಿಸತಕ್ಕದ್ದೆಂಬ ಷರತ್ತಿದ್ದಲ್ಲಿ ಅದನ್ನು ‘ಬದ್ಧ ನೆರವು’ ಎನ್ನಲಾಗುತ್ತದೆ. ಇತರ ರಾಷ್ಟ್ರಗಳ ಸರಬರಾಜುದಾರರಿಗೆ ಟೆಂಡರಿನಲ್ಲಿ ಅವಕಾಶವಿಲ್ಲದ ಕಾರಣ ಖರೀದಿ ವೆಚ್ಚವು ಶೇ. 15ರಿಂದ 30ರಷ್ಟು ಹೆಚ್ಚುವುದೆಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ಅಂದಾಜಿಸಿರುತ್ತದೆ.

ಭಾರತಕ್ಕೇ ಸಂಬಂಧಿಸಿದ ಪ್ರಕರಣವೊಂದನ್ನು ಇಲ್ಲಿ ಗಮನಿಸಬಹುದು. 1980ರ ದಶಕದ ನಡುವಿನಲ್ಲಿ ಬ್ರಿಟನ್ನಿನ ವೆಸ್ಟ್‌ಲೆಂಡ್ ಕಂಪನಿಯು ತೀವ್ರ ಹಣಕಾಸಿನ ಮುಗ್ಗಟ್ಟಿನಲ್ಲಿತ್ತು. ಅದರ ಡಬ್ಲ್ಯು-30 ಹೆಲಿಕಾಪ್ಟರಿಗೆ ಗಿರಾಕಿಗಳು ವಿರಳ. ಅಂತಹ 21 ಹೆಲಿಕಾಪ್ಟರುಗಳನ್ನು ಭಾರತವು ಕೊಳ್ಳುವುದಕ್ಕಾಗಿ ಬ್ರಿಟಿಷ್ ಸರ್ಕಾರವು ಸುಮಾರು 6.5 ಕೋಟಿ ಪೌಂಡುಗಳ ನೆರವನ್ನು ಮುಂದಿಟ್ಟಿತು. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರೇ ಈ ಮಾರಾಟಕ್ಕಾಗಿ ಒತ್ತಾಯಿಸಿದ್ದರು. ಭಾರತವು ಮೊದಲು ಹಿಂಜರಿದರೂ 1986ರಲ್ಲಿ ಒಪ್ಪಿತು. ಆ ಮಾದರಿಯ ಸುಮಾರು ನಲವತ್ತು ಹೆಲಿಕಾಪ್ಟರುಗಳಷ್ಟೇ ತಯಾರಾದವು; ಅರ್ಧಕ್ಕಿಂತ ಹೆಚ್ಚು ಬಂದುದು ನಮ್ಮ ಪವನ್ ಹನ್ಸ್ ಸಂಸ್ಥೆಗೆ! 1988 ಮತ್ತು 1989ರಲ್ಲಿ ಸಂಭವಿಸಿದ ಎರಡು ಅಪಘಾತಗಳಲ್ಲಿ ಜೀವಹಾನಿಯಾಯಿತು. 1991ರಲ್ಲಿ ಉಳಿದವುಗಳ ಹಾರಾಟವನ್ನು ನಿಲ್ಲಿಸಲಾಯಿತು. ತರುವಾಯ ಅವು ಸುಮಾರು 9 ಲಕ್ಷ ಪೌಂಡುಗಳಿಗೆ ಬ್ರಿಟನ್ನಿನ ಖರೀದಿದಾರರಿಗೇ ಮಾರಾಟವಾದವು. ಬ್ರಿಟನ್ನಿನ ಲೆಕ್ಕಪತ್ರದಲ್ಲಿ ಈ ಮೊತ್ತವು ಭಾರತಕ್ಕೆ ನೀಡಿದ ನೆರವೆಂದೇ ದಾಖಲಾಗುತ್ತದೆ. ಜಮಾ ಆದ ಖಾತೆ ಯಾರದೆಂಬುದನ್ನು ವಾಣಿಜ್ಯಶಾಸ್ತ್ರ ಓದದವರೂ ಹೇಳಬಲ್ಲರು.

ಮಲೇಷ್ಯಾದ ಪೆರ್ಗಾವ್ ಅಣೆಕಟ್ಟಿನ ವಿಷಯವು ನ್ಯಾಯಾಲಯದವರೆಗೂ ಹೋಯಿತು. 1988ರ ಒಪ್ಪಂದವೊಂದರಲ್ಲಿ ಬ್ರಿಟನ್ನಿನ ನೆರವನ್ನು ಶಸ್ತ್ರಾಸ್ತ್ರ ಮಾರಾಟದೊಂದಿಗೆ ಜೋಡಿಸಲಾಗಿತ್ತು. ಈ ಯೋಜನೆ ಲಾಭದಾಯಕವಲ್ಲವೆಂದು ನೆರವು ಇಲಾಖೆಯ ಹಿರಿಯ ಅಧಿಕಾರಿ ಟಿಮ್ ಲ್ಯಾಂಕೆಸ್ಟರ್ ಲಿಖಿತವಾಗಿ ಆಕ್ಷೇಪಿಸಿದರೂ, 1991ರಲ್ಲಿ ವಿದೇಶಾಂಗ ಸಚಿವ ಡಗ್ಲಸ್ ಹರ್ಡ್ ಮಂಜೂರಾತಿ ನೀಡಿದರು. ನೆರವಿನ ಮೊತ್ತ 23.4 ಕೋಟಿ ಪೌಂಡು. 1994ರ ನವೆಂಬರಿನಲ್ಲಿ ಲಂಡನ್ನಿನ ಹೈಕೋರ್ಟು ಈ ಮಂಜೂರಾತಿಯು ಕಾನೂನುಬಾಹಿರವೆಂದು ತೀರ್ಪಿತ್ತಿತು. 2001ರ ಏಪ್ರಿಲ್‌ನಿಂದ ಬ್ರಿಟನ್ ಹೊಸದಾಗಿ ಬದ್ಧ ನೆರವು ನೀಡುವುದನ್ನು ಕೈಬಿಟ್ಟಿತು. 2002ರ ಅಂತರರಾಷ್ಟ್ರೀಯ ಅಭಿವೃದ್ಧಿ ಅಧಿನಿಯಮವು ಬಡತನ ನಿವಾರಣೆಯನ್ನೇ ನೆರವಿನ ಗುರಿಯನ್ನಾಗಿಸಿತು.

ಈ ಪದ್ಧತಿ ಶ್ರೀಮಂತ ರಾಷ್ಟ್ರಗಳಿಗಷ್ಟೇ ಸೀಮಿತವೆಂದು ಭಾವಿಸತಕ್ಕದ್ದಲ್ಲ. ಭಾರತ ಸರ್ಕಾರವು ಎಕ್ಸಿಂ ಬ್ಯಾಂಕಿನ ಮೂಲಕ ಆಫ್ರಿಕಾ ಹಾಗೂ ನೆರೆಯ ರಾಷ್ಟ್ರಗಳಿಗೆ ಸಾಲ ಸೌಲಭ್ಯ ಒದಗಿಸುತ್ತದೆ. 2015ರ ಮಾರ್ಗಸೂಚಿಯನ್ವಯ, ಗುತ್ತಿಗೆ ಮೌಲ್ಯದ ಕನಿಷ್ಠ ಶೇ. 75ರಷ್ಟು ಸರಕು ಮತ್ತು ಸೇವೆಗಳು ಸಾಮಾನ್ಯವಾಗಿ ಭಾರತದಿಂದಲೇ ಪೂರೈಕೆಯಾಗಬೇಕಿತ್ತು.