ಸೊನ್ ಡೂಂಗ್‌ನಲ್ಲಿ ಲೈಟ್ ಹಿಡಿದವರು

ಮದುವೆ ಮನೆಗಳಲ್ಲಿ ವಿಡಿಯೋದವರ ಹಿಂದೆ ಲೈಟ್ ಹಿಡಿದು ಓಡಾಡುತ್ತಲೇ ಫೋಟೋಗ್ರಫಿ ಕಲಿತವನು ನಾನು. ಹಾಗಾಗಿ ವಿಯೆಟ್ನಾಂನ ಸೊನ್ ಡೂಂಗ್ ಗುಹೆಯ ಚಿತ್ರ ಎದುರಾದರೆ ನನ್ನ ಕಣ್ಣು ಮೊದಲು ಹುಡುಕುವುದು ಗುಹೆಯನ್ನಲ್ಲ. ಎಲ್ಲೋ ಬಂಡೆಯ ಮೇಲೆ ದೀಪ ಹಿಡಿದು ನಿಂತ ಅಕ್ಕಿಕಾಳಿನಷ್ಟು ಮನುಷ್ಯನನ್ನು. ಸುರಂಗ ಕೆಲವೆಡೆ 200 ಮೀಟರ್ ಎತ್ತರ, 150 ಮೀಟರ್ ಅಗಲ ಎಂದು ಎಷ್ಟು ಬರೆದರೇನು, ಆ ಮನುಷ್ಯನಿಲ್ಲದಿದ್ದರೆ ಯಾರೂ ನಂಬುವುದಿಲ್ಲ.

ನೆಲದಡಿಯ ಚಿತ್ರದಲ್ಲಿ ಮನುಷ್ಯನನ್ನು ನಿಲ್ಲಿಸುವ ಕಷ್ಟ ಹಳೆಯದು. 1860ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ನೆಲದಡಿಯ ಅಸ್ಥಿಮಾಳಿಗೆಗಳಿಗೆ ವಿದ್ಯುತ್ ದೀಪ ಇಳಿಸಿ ಚಿತ್ರ ತೆಗೆದ ಫ್ರೆಂಚ್ ಛಾಯಾಗ್ರಾಹಕ ನಾದಾರ್, ಕೆಲಸಗಾರರ ಜಾಗದಲ್ಲಿ ಗೊಂಬೆಗಳನ್ನು ನಿಲ್ಲಿಸಿದ್ದ. ಒಂದು ಚಿತ್ರಕ್ಕೆ 18 ನಿಮಿಷದವರೆಗೆ ಲೆನ್ಸ್ ತೆರೆದಿರಬೇಕಿತ್ತು. ಅಷ್ಟು ಹೊತ್ತು ಅಲುಗಾಡದೆ ನಿಲ್ಲುವವರು ಯಾರು?

ಸೊನ್ ಡೂಂಗ್ ಇರುವುದು ಫೊಂಗ್ ನ್ಯಾ ಕಾಡಿನಲ್ಲಿ, ಲಾವೋಸ್ ಗಡಿಯ ಹತ್ತಿರ. ಅಲ್ಲಿನ ಹೋ ಖಾನ್ ಅಗರು ಮರ ಹುಡುಕಿಕೊಂಡು ಕಾಡು ಅಲೆಯುತ್ತಿದ್ದವರು. 1990ರ ಸುಮಾರಿಗೆ ಮಳೆಗೆ ಆಸರೆ ಹುಡುಕುವಾಗ ಒಂದು ಗುಹೆಯ ಬಾಯಿ ಕಂಡಿತು. ಒಳಗಿನಿಂದ ನೀರಿನ ಮೊರೆತ, ಮುಖಕ್ಕೆ ಬಡಿಯುವ ಗಾಳಿ. ಹೆದರಿ ಹಿಂದಿರುಗಿದರು. ಮುಂದೆ ಆ ಜಾಗ ಎಷ್ಟು ಹುಡುಕಿದರೂ ಸಿಗಲಿಲ್ಲ. 2008ರಲ್ಲಿ ಮತ್ತೆ ಸಿಕ್ಕಿತು. ಮರುವರ್ಷ ಹೊವರ್ಡ್ ಮತ್ತು ಡೆಬ್ ಲಿಂಬರ್ಟ್ ದಂಪತಿಯ ಬ್ರಿಟಿಷ್ ಗುಹಾ ತಂಡವನ್ನು ಹೋ ಖಾನ್ ಅವರೇ ಕರೆದೊಯ್ದರು. ಒಳಗೆ ಕ್ಯಾಲ್ಸೈಟ್ ಗೋಡೆಯೊಂದು ಆ ತಂಡವನ್ನು ತಡೆಯಿತು; ದಾಟಿದ್ದು 2010ರಲ್ಲಿ. ಆ ಪಯಣದಲ್ಲಿ ಛಾಯಾಗ್ರಾಹಕ ಕಾರ್ಸ್ಟನ್ ಪೀಟರ್ ತೆಗೆದ ಚಿತ್ರಗಳು 2011ರ ಜನವರಿಯ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದವು. ಗುಹೆಯ ಹೆಸರು ಲೋಕದಲ್ಲಿ ಇನ್ನಷ್ಟು ಹರಡಿದ್ದು ಆಗಲೇ.

ಇಂಥ ಚಿತ್ರದಲ್ಲಿ ಕ್ಯಾಮೆರಾದವನ ಪಾಲು, ನನ್ನ ಲೆಕ್ಕದಲ್ಲಿ, ಅರ್ಧಕ್ಕಿಂತ ಕಡಿಮೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಕತ್ತಲಲ್ಲಿ ಶಟರ್ ತೆರೆದಿಟ್ಟರೆ ಮುಂದಿನದೆಲ್ಲ ದೂರದಲ್ಲಿರುವವರ ಕೆಲಸ. ಒಬ್ಬ ಬಂಡೆಯ ಮರೆಯಲ್ಲಿ, ಇನ್ನೊಬ್ಬ ನೀರಿನಾಚೆ. ದೀಪ ನೇರವಾಗಿ ಲೆನ್ಸಿಗೆ ಹೊಡೆಯದಂತೆ ಮೈಯ ಹಿಂದೆ ಹಿಡಿಯಬೇಕು, ಕೂಗು ಕೇಳಿದಾಗಲೇ ಹೊತ್ತಿಸಬೇಕು. ಒದ್ದೆ ಗಾಳಿಯಲ್ಲಿ ಬಿಟ್ಟ ಉಸಿರೂ ಫ್ಲಾಷ್ ಬೆಳಕಿಗೆ ಬಿಳಿ ಮೋಡವಾಗಿ ಚಿತ್ರ ಕೆಡಿಸುತ್ತದೆ. ಸೊನ್ ಡೂಂಗ್‌ನಲ್ಲಿ ಇನ್ನೊಂದು ತೊಡಕು: ಚಾವಣಿ ಕುಸಿದ ಎರಡು ಕಡೆ ಹಗಲು ಒಳಗಿಳಿದು, ಕೆಳಗೆ ಕಾಡೇ ಬೆಳೆದಿದೆ. ಅಲ್ಲಿ ಮಂಜು ಕವಿದರೆ ಎಂಥ ಫ್ಲಾಷೂ ದಂಡ, ತೆರವಾಗುವವರೆಗೆ ಕಾಯಬೇಕು.

ಆ ಮೊದಲ ಚಿತ್ರಗಳಲ್ಲಿ ದೀಪ ಹಿಡಿದವರು ಹೆಚ್ಚಾಗಿ ಬ್ರಿಟಿಷ್ ಗುಹಾಶೋಧಕರು. ಊರಿನವರ ಪಾಲಿಗೆ ಬಂದದ್ದು ಹೊರೆ. 2013ರಲ್ಲಿ ಆಕ್ಸಾಲಿಸ್ ಕಂಪನಿ ಪ್ರವಾಸಿಗರನ್ನು ಕರೆದೊಯ್ಯಲು ಶುರುಮಾಡಿದ ಮೇಲೆ ಇದು ಬದಲಾಯಿತು. ಹಿಂದೆ ಕದ್ದು ಮರ ಕಡಿಯುತ್ತಿದ್ದ ಕೆಲವರೂ ಈಗ ಹಮಾಲಿ, ಮಾರ್ಗದರ್ಶಿ ಕೆಲಸದಲ್ಲಿದ್ದಾರೆ. ಪ್ರವಾಸಿಗನ ಫೋಟೋಕ್ಕೆ ಎದುರಿನ ಬಂಡೆಯೇರಿ ನಿಂತು ಬೆಳಕು ಹಾಯಿಸುವವರೂ ಈ ಮಾರ್ಗದರ್ಶಿಗಳೇ. ಮಳೆಗಾಲದಲ್ಲಿ ಒಳನದಿ ಉಕ್ಕುವುದರಿಂದ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಈ ಸಂಪಾದನೆಯೂ ಇಲ್ಲ.